ಬೆನ್ನಿನ ಚೀಟಿ, ದವಡೆಯ ಚೀಟಿ

ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ, ಎಕ್ಸ್‌ರೇ ಕೋಣೆಯ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಹರವೆ ಕಡೆಯ ಅತ್ತೆ ಸೊಸೆ ಕೂತಿದ್ದರು. ಅತ್ತೆಯ ಕೈಯಲ್ಲಿ ಬೆನ್ನುಮೂಳೆಯ ಚೀಟಿ, ಸೊಸೆಯ ಕೈಯಲ್ಲಿ ದವಡೆಯದು. ಸೊಸೆಗೆ ಬಾಯಿ ಅರ್ಧವೂ ತೆರೆಯುತ್ತಿರಲಿಲ್ಲ.

"ಕಾಲು ಮುಂದಾಗಿ ಹುಟ್ಟಿದೋಳು ಒದ್ರೆ ಸೊಂಟದ ಉಳುಕು ಬುಡ್ತದೆ ಅಂತ ಬೆನ್ನು ಕೊಟ್ರೆ, ಮೂಳೆನೇ ಮುರ್ದ್‌ಬುಟ್ಟಲ್ಲಮ್ಮಿ!"

"ನಾನು ಬ್ಯಾಡ ಅಂದೆ ಅತ್ತೆ. ಮೂರು ಕಿತ ಒದಿ ಅಂದೋರು ನೀವೇಯ."

"ಕಾಲು ತಾಕ್ಸು ಅಂದೆ ಕಣಮ್ಮಿ. ನೀನು ಆರು ವರ್ಸದ ಸಿಟ್ಟು ತೀರಿಸ್ಕೊಂಡೆ."

"ಎರಡು ಕಿತ ತಾಕ್ಸಿದ್ದೇಯ. ಕಾಲಲ್ಲಿ ಸಕ್ತಿ ಇಲ್ವೇನೇ ದರಿದ್ರದೋಳೇ ಅಂದ್ರಿ. ಮೂರನೇದು ಜೋರಾಗಿ ಒದ್ದೆ."

"ಅದ್ಕೇ ನನ್ ಮಗ ನಿಂಗರಾಜ ಕೆನ್ನೆಗೆ ಒಂದು ಬುಟ್ಟ. ಒಂದೇ ಏಟು. ಅದಕ್ಕೂ ಆಸ್ಪತ್ರೆ!"

"ಆ ಒಂದೇ ಏಟ್ಗೆ ಕಿವಿ ಮುಂದಿನ ದವಡೆ ಕೀಲು ಜರುಗ್‌ಬುಟ್ಟದೆ. ಮೂರು ದಿನದಿಂದ ಗಂಜಿನೂ ಇಳೀತಿಲ್ಲ."

"ಒಳೀಕೆ ಓಗಿ ಬಚ್ಚಲಲ್ಲಿ ಜಾರಿಬಿದ್ದೆ ಅನ್ನು. ಅವನ ಹೆಸ್ರು ಎತ್ತಿದ್ರೆ ನಮ್ಮನೆ ಬಾಗ್ಲು ತುಳೀಬ್ಯಾಡ."

"ದವಡೆ ಯಾರ್ರೀ? ಬನ್ನಿ" ಎಂದು ಒಳಗಿನಿಂದ ಕೂಗಿದರು.

ಸೊಸೆ ಎದ್ದಳು. ಜೊತೆಗೆ ಹೋಗಲೆಂದು ಅತ್ತೆಯೂ ಏಳಲು ನೋಡಿದಳು. ಬೆನ್ನು ಬಿಡಲಿಲ್ಲ. ಕೈ ಚಾಚಿದಳು.

"ನಾನೂ ಬತ್ತೀನಿ. ಎತ್ತಮ್ಮಿ ನನ್ನ."

ಸೊಸೆ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದಳು.

"ಕೂತಿರಿ. ಹೊಡ್ದೋರು ಯಾರು ಅಂತ ಹೇಳ್ಬುಟ್ಟು ಬತ್ತೀನಿ. ಆಮೇಲೆ ಎತ್ತೀನಿ."