ಅರವತ್ತು ಕಿಲೋ ಹೆಚ್ಚಿಗಿ

ನಗೂದಿದ್ರ ಈಗ ನಕ್ಕು ಮುಗಿಸ್ರಿ. ನಡಕ ನಕ್ಕ್ರ ನನಗ ಸಿಟ್ಟು ಬರತೈತಿ, ಮೊದಲ ಹೇಳಿರತೇನಿ. ಇದು ನಮ್ಮ ದೊಡ್ಡವ್ವನ ಮಗ ಬಾಳೇಶಗ ಆದದ್ದು. ಸುರೇಬಾನದ ಬಾಳೇಶ. ಈ ಕಡೆ ರಾಮದುರ್ಗ, ಆ ಕಡೆ ಬೈಲಹೊಂಗಲ, ನಡಬರಕ ಇಂಜಿನ್ನಿನ ಸಪ್ಪಳ ಕೇಳಿ ಅದರ ರೋಗ ಹೇಳಾವ ಅವನೊಬ್ಬನ. ಅಲ್ಲಂತ ಅನ್ನಾವ್ರು ಎದ್ದು ನಿಲ್ರಿ, ನೋಡೂಣ.

ಆವತ್ತ ಅವ ಬೈಲಹೊಂಗಲದಿಂದ ಕೈಗೆ ಸಿಕ್ಕ ಟೆಂಪೊ ಹತ್ತಿ ಬಂದಿದ್ದ. ಸಾಲಹಳ್ಳಿಗೆ ಇಳಿಸಿ ಹೋದರು. ಮುಂದ ಬಸ್ಸಿಲ್ಲ. ಹೊತ್ತು ಮುಳುಗಿ ಭಾಳ ಹೊತ್ತಾಗಿತ್ತು. ಮನಿ ಇನ್ನೂ ಎಷ್ಟೋ ದೂರ. ಬ್ಯಾರೆ ಯಾರರ ಆಗಿದ್ರ ಯಾರದರ ಕಟ್ಟಿ ಮ್ಯಾಲ ಮಲಗ್ತಿದ್ರು. ಬಾಳೇಶ ನಡಿಯಾಕ ಹತ್ತಿದ. ಸಿಟ್ಟು ಅವನ್ನ ನಡಸಾಕ ಹತ್ತಿತ್ತು.

ಸಿಟ್ಟು ಯಾಕಂದ್ರ, ಬೈಲಹೊಂಗಲದ ಕಾಂತೇಶನ ಶೆಡ್ಡಿನ್ಯಾಗ ಎಂಟು ತಿಂಗಳ ಕುಂತು ಅವನ ರೇಸಿನ ಕಾರು ಕಟ್ಟಿದಾಂವ ಬಾಳೇಶ. ಇಂಜಿನ್ ಬಿಚ್ಚಿ, ಟರ್ಬೊ ಕುಂದರಿಸಿ, ಹೊಗಿ ಪೈಪು ತನ್ನ ಕೈಯಾಗ ಬೆಸದು. ಅವತ್ತ ರೇಸಿನ ಕ್ಲಬ್ಬಿನವರು ನೋಡಾಕ ಬಂದ್ರು. ಯಾರು ಕಟ್ಟಿದ್ದಿದು ಅಂತ ಕೇಳಿದ್ರು. ಕಾಂತೇಶ ಮೀಸಿ ತೀಡಿ ಹೇಳಿದ, “ಪುಣೆಯಿಂದ ಮಿಸ್ತ್ರಿ ಕರಿಸಿದ್ದೆ.” ಆಮ್ಯಾಲ ಬಾಳೇಶನ ಕಡೆ ತಿರುಗಿ, “ಲೇ, ಇವರಿಗೆ ಚಾ ಹೇಳು.”

ಗ್ರೀಸ್ ಹತ್ತಿದ ಕೈ ಒರಸಿಕೊಂತ ಬಾಳೇಶ ಅಂದ, “ಕಾಂತೇಶಣ್ಣಾ, ಇನ್ನೊಮ್ಮೆ ಹೇಳು. ಯಾರು ಕಟ್ಟಿದ್ರು?”

“ನೀ ಬೋಲ್ಟ್ ಬಿಗದೀ. ಬೋಲ್ಟ್ ಬಿಗದಾವ್ರೆಲ್ಲ ಗಾಡಿ ಕಟ್ಟಿದಂಗಾದ್ರ, ನಮ್ಮ ಎಮ್ಮಿ ಕಾಯಾಂವನೂ ಡೇರಿ ಮಾಲಕ ಆಗ್ತಾನ.”

ಎಲ್ಲಾರೂ ನಕ್ಕರು. ಬಾಳೇಶ ಬೋಲ್ಟ್ ಬಿಗಿಯೂ ಪಾನಾ ನೆಲಕ್ಕ ಒಗದ. “ಜನವರಿ ರೇಸಿಗೆ ನಾನೂ ಒಂದು ಗಾಡಿ ತರತೇನಿ. ನೀ ಸೋತಿ ಅಂದ್ರ ಮೈಕಿನ್ಯಾಗ ಹೇಳಬೇಕು. ನನ್ನ ಗಾಡಿ ಕಟ್ಟಿದಾಂವ ಸುರೇಬಾನದ ಬಾಳೇಶ ಅಂತ.”

“ನೀ ಸೋತ್ರ?”

“ಸಾಯೂತನಕ ಪಾನಾ ಮುಟ್ಟೂದಿಲ್ಲ.”

ಆಡಿ ಬಂದಿದ್ದ. ಗಾಡಿ ಎಲ್ಲಿಂದ ತರಾವ? ಅವನ ಕಡೆ ಒಂದು ಸೈಕಲ್ಲೂ ನೆಟ್ಟಗ ಇರಲಿಲ್ಲ.

ದಾರಿ ಮಗ್ಗಲಿಗೆ ಹಳೇ ಬಾವಿ. ಬಾವಿ ಮ್ಯಾಲ ಬಾಗಿದ ಆಲದ ಮರ. ಗಾಳಿ ಇರಲಿಲ್ಲ… ಎಲಿ ಅಲಗಾಡಲಿಲ್ಲ… ಕೆಳಗ ನೀರಾಗ ಏನೋ ‘ಪುಳಕ್’ ಅಂತು. ಕಪ್ಪಿ ಇರಬೇಕು ಅಂದಕೊಂಡ.

ಆಮ್ಯಾಲ ಇನ್ನೊಂದು ಸಪ್ಪಳ.

ಢಪ್… ಢಪ್… ಢಪ್.

ಮೆತ್ತನ್ನ ಸಪ್ಪಳ. ಗಾದಿಗೆ ಮುಷ್ಟಿಲೆ ಗುದ್ದಿದಂಗ. ಬಾಳೇಶ ಮೊಬೈಲಿನ ಬೆಳಕು ಬಿಟ್ಟ. ಮರದ ಬುಡಕ ಒಂದು ಕಾರು ನಿಂತಿತ್ತು. ಬಿಳೀದು, ಇಪ್ಪತ್ತೈದು ವರ್ಷದ್ದು. ಗಾಲಿ ಸುತ್ತ ಹುಲ್ಲು ಬೆಳದಿತ್ತು. ಒಳಗ ಯಾರೂ ಇಲ್ಲ.

“ಗಾಡಿ ಮುಟ್ಟಬ್ಯಾಡೋ ತಮ್ಮಾ.”

ಹಿಂದ ಒಬ್ಬ ಹೆಣ್ಣಮಗಳು. ಕೈಯಾಗ ಬ್ಯಾಟರಿ. ಬಾವಿ ಆಚೆ ತೋಟದ ಮನಿಯಾಕಿ, ಅನ್ನಪೂರ್ಣಾ. ಪಿಸುಮಾತಿನ್ಯಾಗ ಮಾತಾಡ್ತಿದ್ಲು, ಕೂಸು ಮಲಗಿದ ಮನ್ಯಾಗ ಮಾತಾಡಿದಂಗ.

“ಯಾರದ್ರಿ ಅಕ್ಕಾ ಇದು?”

“ನಮ್ಮವರದು. ವಿರೂಪಾಕ್ಷ ಅಂತ. ಹೋಗಿ ಎರಡು ವರ್ಷ ಆತು… ಇದರಾಗ.”

“ಇದರಾಗ?”

“ಎದಿನೋವು ಬಂತು. ಹಿಂದಿನ ಸೀಟಿನ್ಯಾಗ ಕುಂದರಿಸ್ಕೊಂಡು ರಾಮದುರ್ಗದ ದವಾಖಾನಿಗೆ ಹೊಂಟಿದ್ವಿ. ಕಬ್ಬಿನ ಸುಗ್ಗಿ. ಮುಂದ ಸಾಲಹಿಡದು ಟ್ರ್ಯಾಕ್ಟರ್. ಕಾರು ಕಾದು ಹೊಗಿ ಬಿಟ್ಟು ನಿಂತಬಿಟ್ಟಿತು. ಅವರು ಮುಂದಿನ ಸೀಟಿಗೆ ಗುದ್ದತಿದ್ರು… ಲಗೂ ನಡಿ, ಲಗೂ ನಡಿ ಅಂತ. ಸಿಟ್ಟಿನ್ಯಾಗ ಹೋದರು.”

ಆಕಿ ಕೇಳಿದ್ಲು, “ನೀ ಮಿಸ್ತ್ರಿ ಏನು? ಕೈಯಿಂದ ಎಣ್ಣಿ ನಾತ ಬರತೈತಿ.”

“ಹೌದ್ರಿ.”

“ಇದು ಲಗೂ ಓಡಬಹುದೇನು?”

“ನನ್ನ ಕೈಗೆ ಬಂದ್ರ ಹಾರ್ತೈತಿ.”

ಆಕಿ ಕಾರಿನ ಬಾಗಿಲ ಮ್ಯಾಲ ಕೈ ಆಡಿಸಿದ್ಲು. “ಹಂಗಾರ ಒಯ್ಯಿ.”

ನಾಕನೇ ದಿನ ಮುಂಜಾನೆ ಬಾಳೇಶ ಬ್ಯಾಟರಿ, ಪೆಟ್ರೋಲು, ಗಾಳಿ ಪಂಪು ತಗೊಂಡು ಹೋದ. ಕಾರು ಕೆಮ್ಮಿ ಕೆಮ್ಮಿ ಸುರು ಆತು. ಅನ್ನಪೂರ್ಣಾ ಕಾಗದಪತ್ರ ಕೈಗೆ ಕೊಟ್ಟು ಒಂದ ಮಾತು ಹೇಳಿದ್ಲು. “ಹೊಂಡುಮುಂದ ‘ಬರ್ತೇನಿ’ ಅನಬ್ಯಾಡ. ಸುಮ್ನ ನಡಿ. ಅವರು ಹೊಂಟಿದ್ದು ಇನ್ನೂ ಮುಟ್ಟಿಲ್ಲ.”

ನಿಮಗ ಗೊತ್ತೈತಿ. ನಮ್ಮ ಕಡೆ ಯಾರೂ ‘ಹೋಗ್ತೇನಿ’ ಅನ್ನೂದಿಲ್ಲ. ‘ಬರ್ತೇನಿ’ ಅಂತೇವಿ, ಮನಿಯವರು ‘ಹೂಂ, ಬರ್ರಿ’ ಅಂತಾರ. ಸಾವಿನ ಮನಿಯಿಂದ ಏಳುಮುಂದ ಅಷ್ಟ ಬಾಯಿ ಮುಚಗೊಂಡು ಏಳತೇವಿ. ಬಾಳೇಶಗೂ ಗೊತ್ತಿತ್ತು. ಆದ್ರ ಹುಟ್ಟಿದಾಗಿಂದ ತಿರುಗಿದ ನಾಲಗಿ. ಕ್ಲಚ್ ಬಿಟ್ಟ, ಕೈ ಎತ್ತಿದ, ಅಂದಬಿಟ್ಟ.

“ಬರ್ತೇನ್ರಿ ಅಕ್ಕಾ.”

ಅನ್ನಪೂರ್ಣಾ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಲು. ಆಕಿ ಉತ್ತರ ಕೊಡಲಿಲ್ಲ.

ಹಿಂದಿನ ಸೀಟಿನ ಸ್ಪ್ರಿಂಗು ‘ಕಿರ್ರ್’ ಅಂತು… “ಹೂಂ,” ಅಂತು ಒಂದು ಗಂಡುದನಿ. “ನಡಿ.”

ತಿರುಗಿ ನೋಡಿದ. ಯಾರೂ ಇಲ್ಲ. ನಾ ಆಗಿದ್ರ ಜಿಗದು ಓಡ್ತಿದ್ದೆ… ಇಲ್ಲ, ಸುಳ್ಳು ಯಾಕ, ನಾನೂ ಓಡ್ತಿರಲಿಲ್ಲ. ಆ ಕಾಂತೇಶನ ನಗಿ ಕಿವ್ಯಾಗ ಇದ್ದಾಂವಗ ದೆವ್ವ ಯಾವ ಲೆಕ್ಕ?

ಸುರೇಬಾನದ ತಗಡಿನ ಶೆಡ್ಡಿನ್ಯಾಗ ಕೆಲಸ ಸುರು ಆತು. ಬರೇ ಓಡೂ ಗಾಡಿ ಯಾರರ ಕಟ್ಟತಾರ. ಈ ರೇಸಿನ ಕಾಯ್ದೆ ಬ್ಯಾರೆ. ರಸ್ತೆದ ಗಾಡಿನ ಓಡಬೇಕು. ನಂಬರ್ ಪ್ಲೇಟು, ಹಾರ್ನು, ದೀಪ, ಮುಂದ ಹಿಂದ ಸೀಟು, ಎಲ್ಲಾ ಇರಬೇಕು. ಲಾರಿ ಮ್ಯಾಲ ಹೇರಿ ತರಂಗಿಲ್ಲ, ಸ್ವಂತ ಗಾಲಿ ಮ್ಯಾಲ ರಾಮದುರ್ಗದಿಂದ ಸವದತ್ತಿ ಕಡೆ ಮುಟ್ಟಬೇಕು. ಮುಟ್ಟಿದ ಮ್ಯಾಲ ಕಾಲು ಮೈಲು, ಅಂದ್ರ ನಾನೂರ ಎರಡು ಮೀಟರ್, ಹಾರಬೇಕು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಹತ್ತು ಕಿಲೋಮೀಟರ್ ಬಸವನಹುಳದಂಗ ತೆವಳಿ, ಕಾಯದ, ಕೆಮ್ಮದ, ಆಮ್ಯಾಲ ಗುಂಡಿನಂಗ ಹೋಗೂ ಗಾಡಿ! ಅಂಥಾದ್ದು ಕಟ್ಟಾಕ ಎದಿ ಬೇಕು. ನಮ್ಮ ಬಾಳೇಶಗ ಇತ್ತು.

ದೊಡ್ಡ ರೇಡಿಯೇಟರು ಹಾಕಿದ. ಹಳೇ ಡೀಸೆಲ್ ಗಾಡಿಯ ಟರ್ಬೊ ತಂದು ಕುಂದರಿಸಿದ. ನೆಲಹಾಸು, ಬಾಗಿಲ ಒಳಗಿನ ಹಲಗಿ, ಸಪ್ಪಳ ತಡಿಯೂ ಡಾಂಬರ್ ಹಾಳಿ, ಎಲ್ಲಾ ಕಿತ್ತು ಒಗದ. ಕಿಲೋ ಕಿಲೋ ಲೆಕ್ಕದಾಗ ಹಗುರ ಮಾಡಿದ. ಹಿಂದಿನ ಸೀಟೊಂದು ಕೀಳಾಕ ಕಾಯ್ದೆ ಬಿಡಲಿಲ್ಲ. ಅದನ್ನ ಕಿತ್ತಿದ್ರ ಈ ಕತಿನ ಇರತಿರಲಿಲ್ಲ.

ರೇಸಿಗೆ ಎರಡು ದಿನ ಇದ್ದಾಗ ಕಬ್ಬು ತೂಗೂ ಕಾಟಾಕ್ಕ ಒಯ್ದ. ಹಾಡಹಗಲ, ಹನ್ನೆರಡು ಹೊಡದಿತ್ತು. ಏಳುನೂರಾ ಎಂಬತ್ತು ಕಿಲೋ ಬರಬೇಕು, ಒಂದೊಂದು ಸಾಮಾನೂ ತೂಗಿ ಕೂಡಿಸಿದ್ದ. ಗಾಡಿ ನಿಲ್ಲಿಸಿ ಇಳದ. ಕಾಟಾದ ಲಗಮಣ್ಣ ಕಿಡಕಿಯೊಳಗಿಂದ ಒದರಿದ, “ಎಂಟುನೂರಾ ನಲವತ್ತು!”

“ಏನ್? ಸರಿಯಾಗಿ ನೋಡೋ!”

“ಸರೀನ ನೋಡೇನಿ. ಇಳದು ತೂಗಸಪಾ.”

“ಇಳದೇನಲ್ಲೋ! ಕಣ್ಣಿಲ್ಲೇನು?”

“ನೀ ಇಳದೀ,” ಲಗಮಣ್ಣ ಅಂದ. “ಹಿಂದ ಕುಂತಾವರನ್ನೂ ಇಳಸು. ಹಿರ್ಯಾರು ಬಿಸಲಾಗ ಒಳಗ ಕುದಿಯಾಕ ಹತ್ಯಾರ.”

ಬಾಳೇಶ ತಿರುಗಿ ನೋಡಿದ. ಬಾಗಿಲ ತೆಗದ. ಸೀಟು ಖಾಲಿ… ಆದ್ರ ನಡುವ ತಗ್ಗು ಬಿದ್ದಿತ್ತು, ಮನಶ್ಯಾ ಕುಂತಷ್ಟು. ಲಗಮಣ್ಣ ಕಿಡಕಿ ಹಾಕಿಕೊಂಡ. ಆ ದಿನ ಮತ್ತ ತೆಗೀಲಿಲ್ಲ.

ಹೆದರಬೇಕಾಗಿತ್ತು. ಬಾಳೇಶಗ ಉರಿ ಎದ್ದಿತು. ಗ್ರಾಂ ಗ್ರಾಂ ಕೆರದು ತೆಗದಾಂವ ಅವ, ಅರವತ್ತು ಕಿಲೋ ಬಿಟ್ಟಿ ಕುಂದರತಾನಂತ! “ಇಳಿರಿ,” ಅಂದ ಖಾಲಿ ಸೀಟಿಗೆ. “ನನ್ನ ಬದುಕ ಐತಿ ಇದರ ಮ್ಯಾಲ. ಇಳಿರಿ ಅಂದೆ!”

ಸೀಟು ಏಳಲಿಲ್ಲ.

ರೇಸಿನ ದಿನ ಮುಂಜಾನೆ ರಾಮದುರ್ಗ ದಾಟಿದ. ಮುಂದ ಕಬ್ಬಿನ ಟ್ರ್ಯಾಕ್ಟರ್, ಜೋಡಿ ಟ್ರೇಲರು. ಅದರ ಮುಂದ ಇನ್ನೊಂದು. ಸ್ಪೀಕರಿನ್ಯಾಗ ಹಾಡು. ಬಾಳೇಶ ಎರಡನೇ ಗೇರಿಗೆ ಇಳದ.

ಢಪ್. ಢಪ್. ಢಪ್.

ಅವನ ಬೆನ್ನಿಗೆ ಹತ್ತೂವಂಗ. ಕಿವಿ ಮಗ್ಗಲ ಬಿಸಿ ಉಸಿರು… “ಲಗೂ.”

“ಟ್ರ್ಯಾಕ್ಟರ್ ಐತ್ರಿ ಮುಂದ!”

ಢಪ್. “ಲಗೂ ನಡಿಯೋ!”

“ಸುಮ್ನ ಕುಂಡ್ರೋ ಮಾರಾಯಾ! ಹಾರಿಸಿಕೊಂಡು ಹೋಗಲೇನು ಇದನ್ನ?” ಬಾಳೇಶ ಸ್ಟೀರಿಂಗ್ ಗುದ್ದಿದ. ಹಿಂದ ಅವರು ಸೀಟು ಗುದ್ದಿದರು. ಹಿಂಗ ಇಬ್ಬರೂ ಬೈದಾಡಿಕೊಂತ ಸವದತ್ತಿ ಹಾದಿ ಹಿಡದ್ರು. ಒಂದ ಮಾತು: ಗಾಡಿ ಕಾಯಲಿಲ್ಲ. ಇಂಜಿನ್ನಿನ ಕಾವು ತೋರಿಸೂ ಮುಳ್ಳು ನಟ್ಟ ನಡುವ ನಿಂತಿತ್ತು. ಬಾಳೇಶನ ಕೈಗುಣ ಅದು.

ಇನ್ನೂ ತೆರೀದ ಹೊಸಾ ಬೈಪಾಸಿನ ಮ್ಯಾಲ ರೇಸು. ಎರಡೂ ಕಡೆ ಜನ. ಮುಗಿಯೂ ಗೆರಿ ಆಚೆ, ಬ್ರೇಕ್ ಹಾಕಿ ನಿಲ್ಲೂ ಜಾಗಾದಾಗ ಒಂದು ಅಂಬುಲೆನ್ಸು, ಬಾಗಿಲ ತಕ್ಕೊಂಡು ನಿಂತಿತ್ತು. ಕಾಂತೇಶ ಮಗ್ಗಲಿಗೆ ಬಂದು ಗಾಜು ಇಳಿಸಿದ. “ಏನಲೇ, ಗುಜರಿ ಭಂಗಾರದಾಗಿಂದ ಎತ್ಕೊಂಡು ಬಂದಿಯೇನು? ಪಾನಾ ಬಿಟ್ಟ ಮ್ಯಾಲ ನಮ್ಮ ಮನಿಗೆ ಬಾ, ಎಮ್ಮಿ ಅದಾವ.”

ಬಾಳೇಶ ತನ್ನ ಗಾಜು ಏರಿಸಿದ. ಹಲ್ಲು ಕಟಕಟ ಕಡದ.

ಕೆಂಪು ದೀಪ… ಹಳದಿ… ಹಸರು.

ಟಯರು ‘ಚಿರ್ರ್’ ಅಂದವು. ಟರ್ಬೊ ‘ಹುಂಯ್ಯ್’ ಅಂತ ಏರಿತು. ಗೇರು ಬದಲಿಸಿದಾಗ ‘ಟಿಶ್ಶ್’. ಮೂರನೇ ಗೇರಿನ ತನಕ ಕಾಂತೇಶನ ಮೂತಿ ಅರ್ಧ ಗಾಡಿ ಮುಂದಿತ್ತು. ಅರವತ್ತು ಕಿಲೋ… ಬಾಳೇಶನ ಕಣ್ಣಾಗ ನೀರು ಬಂದವು, ಸಿಟ್ಟಿನವು.

ಢಪ್ ಢಪ್ ಢಪ್ ಢಪ್! “ಲಗೂ! ಲಗೂ!”

“ಲಗೂ!” ಅಂತ ಬಾಳೇಶನೂ ಒದರಿದ. ಎರಡು ಗಂಟಲು, ಒಂದ ಮಾತು. ನಾಕನೇ ಗೇರು. ಕಾಂತೇಶನ ಕಿಡಕಿ ಹಿಂದ ಸರೀತು. ಬಾನೆಟ್ಟು ಹಿಂದ ಸರೀತು. ಗೆರಿ ದಾಟಿದಾಗ ಒಂದು ಇಡೀ ಗಾಡಿ ಮುಂದಿದ್ದ.

ಬ್ರೇಕ್ ಹಾಕಿ ಅಂಬುಲೆನ್ಸಿನ ಮುಂದ ನಿಲ್ಲಿಸಿದ. ಗುದ್ದೂದು ನಿಂತಿತ್ತು. ಹಿಂದಿನ ಬಾಗಿಲು ‘ಕಟಕ್’ ಅಂತ ತೆರೀತು… ‘ಧಡ್’ ಅಂತ ಹಾಕ್ಕೊಂತು. ಸೀಟು ಕಿರ್ರ್ ಅಂತ ಮ್ಯಾಲೆದ್ದಿತು, ಸಾವಕಾಶ.

ನಿರ್ಣಾಯಕರು ಓಡಿ ಬಂದ್ರು, ಮೂರು ಮಂದಿ. ಮುಂದಿನಾಂವ ಕೆಂಡ ಆಗಿದ್ದ. “ಒಬ್ಬನ ಕುಂದರಬೇಕಂತ ಕಾಯ್ದೆ ಇಲ್ಲೇನು? ಹಿಂದ ಯಾರನ್ನ ಕುಂದರಿಸ್ಕೊಂಡು ಬಂದೀ?”

“ಯಾರೂ ಇಲ್ರಿ!”

“ಮೂರೂ ಮಂದಿ ನೋಡೇವಿ. ಬಿಳಿ ಅಂಗಿಯಾಂವ. ಎದಿ ಹಿಡಕೊಂಡು ಇಳದು ಹೋದ. ನಿನ್ನ ಓಟ ರದ್ದು!”

ಬಾಳೇಶ ಅವನ ಅಂಗಿಗೆ ಕೈ ಹಾಕೂದರಾಗ ಕಾಂತೇಶ ಬಂದ. ಗೆದ್ದ ಮಾರಿ ಮಾಡಬೇಕಾಗಿತ್ತು. ಆದ್ರ ಬೇಲಿ ಕಡೆಯಿಂದ ಯಾರೋ ಒದರಿದ್ರು, “ಏ ಕಾಂತೇಶಾ! ಇಬ್ಬರನ್ನ ಹೊತ್ಕೊಂಡ ಗಾಡಿ ಮುಂದ ಸೋತೀ? ಇನ್ನ ಮೂರು ಮಂದಿ ಕುಂತಿದ್ರ ಏನ್ ಮಾಡ್ತಿದ್ದೀ?”

ಜನ ಬಿದ್ದು ಬಿದ್ದು ನಕ್ಕರು. ಕಾಂತೇಶನ ಮಾರಿ ಕೆಂಪಗ ಆತು. ಹೆಸರು ಕೂಗಾವನ ಕೈಯಾಗಿನ ಮೈಕು ಕಸಗೊಂಡ.

“ಮೋಸಾ! ಇವ ಮೋಸಗಾರ! ಎಂಟು ತಿಂಗಳ ನನ್ನ ಶೆಡ್ಡಿನ್ಯಾಗ ಕುಂತು ನನ್ನ ಗಾಡಿ ಕಟ್ಟ್ಯಾನ, ಬೇಕಂತ ಕಡಿಮಿ ಕಟ್ಟ್ಯಾನ! ಛಲೋದು ತನಗ ಇಟ್ಕೊಂಡಾನ!”

ಎಂಟು ಸ್ಪೀಕರಿನ್ಯಾಗ ಗುಡುಗಿತು.

ಒಬ್ಬ ಮುದುಕ ತಣ್ಣಗ ಕೇಳಿದ, “ಹಂಗಾರ ಪುಣೆಯಾಂವ ಎಲ್ಲಿ ಹೋದ್ನಪಾ?”

ಕಾಂತೇಶನ ಕೈಯಾಗಿನ ಮೈಕು ‘ಕೂಂಯ್’ ಅಂತು. ಆ ದಿನದ ಬಹುಮಾನದ ಕಪ್ಪು ಅವಗ ಕೊಟ್ಟರು. ತಗೊಂಡು ಯಾರ ಮಾರೀನೂ ನೋಡದ ಹೋದ. ಆ ವಾರ ಬಾಳೇಶನ ಶೆಡ್ಡಿನ ಮುಂದ ಹನ್ನೊಂದು ಗಾಡಿ ನಿಂತಿದ್ವು, ಅದರಾಗ ಬೈಲಹೊಂಗಲದವು ಐದು.

ಆದ್ರ ಬಾಳೇಶ ಅವತ್ತ ನಗಲಿಲ್ಲ. ಅವನ ಸಿಟ್ಟು ಹಂಗ ಇತ್ತು. ಯಾರು ಇಳದ್ರು, ಎಲ್ಲಿ ಹೋದ್ರು, ಒಂದು ಮಾತು ಹೇಳಬಾರದೇನು ಅಂತ. ನೆಟ್ಟಗ ಅಂಬುಲೆನ್ಸಿಗೆ ಹೋದ. ಒಳಗ ನರ್ಸು ಮಂಜುಳಾ ಗ್ವಾಡಿಗೆ ಅಂಟಿಕೊಂಡು ನಿಂತಿದ್ಲು. ಹಾಸಿಗಿ ಖಾಲಿ.

“ಯಾರರ ಬಂದ್ರೇನು ಇಲ್ಲಿ?”

“ಯಾರೂ ಬರಲಿಲ್ಲ,” ಆಕಿ ಪಿಸುಗುಟ್ಟಿದ್ಲು. “ಗಾಡಿ ಒಮ್ಮೆ ಕೆಳಗ ಕುಂತಿತು. ಯಾರೋ ಹತ್ತಿದಂಗ. ಆಮ್ಯಾಲ ಇದು…”

ಬೆರಳಿಗೆ ಸಿಗಸೂ ನಾಡಿ ನೋಡೂ ಕ್ಲಿಪ್ಪು. ಹಾಸಿಗಿ ಮ್ಯಾಲ ಬಿದ್ದಿತ್ತು. ಬೆರಳು ಇಲ್ಲದ ಅದು ಹತ್ತೂದಿಲ್ಲ, ಯಾರನ್ನರ ಕೇಳ್ರಿ. ಸಣ್ಣ ಕೆಂಪು ದೀಪ ಹತ್ತಿತ್ತು. ಟಿಕ್… ಟಿಕ್… ಟಿಕ್… ಬಾಳೇಶ ತನ್ನ ಕಣ್ಣಾರೆ ನೋಡ್ಯಾನ. ಮಂಜುಳಾ ನೋಡ್ಯಾಳ. ಇಬ್ಬರೂ ಜೀವಂತ ಅದಾರ, ನಾಳೆನ ಕರಕೊಂಡು ಹೋಗ್ತೇನಿ, ಬರ್ರಿ. ಮೊದಲ ನಾಡಿ ನೂರಾ ನಲವತ್ತು ತೋರಿಸಿತಂತ. ಸಾವಕಾಶ ಇಳೀತಂತ… ನೂರು… ತೊಂಬತ್ತು…

ಕಡೀಕ ಎಪ್ಪತ್ತೆರಡಕ್ಕ ನಿಂತಿತು, ಗಟ್ಟಿಮುಟ್ಟ ಮನಶ್ಯಾನ ನಾಡಿ ಅಷ್ಟ. ಆಮ್ಯಾಲ ತಾನ ಬಂದ್ ಆತು.