ಮೂರು ದಿನದ ಪೊರಕೆ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ವೆಲ್ಡಿಂಗ್ ಶೆಡ್ಡಿನವರಿಬ್ಬರು ಕೂತಿದ್ದರು. ಹಿರಿಯರ ಒಂದು ಕಣ್ಣಿಗೂ ಕೆನ್ನೆಗೂ ಬಟ್ಟೆ ಕಟ್ಟಿತ್ತು. ಜೊತೆಗಿದ್ದವನಿಗೂ ಆಗಲೇ ತಲೆ ನರೆತಿತ್ತು.

"ತುಂಬಾ ನೋವಾ ಮೇಸ್ತ್ರಿ?"

"ನೋವು ಹಾಳಾಗ್ಲಿ. ಮುಖ ಎತ್ತೋಕಾಗ್ತಿಲ್ಲ."

"ನಾಲ್ಕಿಂಚಿನ ಗ್ರೈಂಡರ್‌ಗೆ ಐದಿಂಚಿನ ಕಟಿಂಗ್ ವೀಲ್ ಹಾಕಿದ್ರಲ್ಲ, ಅದೂ ನೀವು!"

"ಚಿಕ್ಕದು ಖಾಲಿಯಾಗಿತ್ತು. ಒಂದೇ ಒಂದು ಪೈಪು ಬಾಕಿ. ದೊಡ್ಡದಕ್ಕೆ ವೀಲ್ ಮುಚ್ಚೋ ಗಾರ್ಡ್ ಅಡ್ಡ ಬಂತು, ಬಿಚ್ಚಿಟ್ಟೆ."

"ಆ ಸ್ಪೀಡಿಗೆ ದೊಡ್ಡ ವೀಲ್ ಸಿಡಿಯುತ್ತೆ ಅಂತ ಹೇಳಿಕೊಟ್ಟೋರೇ ನೀವು."

"ಹೇಳೋದು ಶಾಸ್ತ್ರ, ಹಾಕೋದು ಗಾಳ."

"ನಾನೊಂದ್ಸಲ ಗಾರ್ಡ್ ಬಿಚ್ಚಿದ್ದಕ್ಕೆ, ಮೂರು ದಿನ ಕೆಲಸ ಬಿಡಿಸಿ ಶೆಡ್ ಗುಡಿಸೋಕೆ ಹಚ್ಚಿದ್ರಿ."

"ನೆನಪಿದೆ ಕಣೋ. ಗಾಯದ ಮೇಲೆ ಬರೆ ಎಳೀಬೇಡ."

ಅವನು ದನಿ ತಗ್ಗಿಸಿದ.

"ಯೋಚನೆ ಬಿಡಿ. ಎಲ್ಲರೂ ಆಟೋ ತರೋಕೆ ಓಡಿದಾಗ ಗಾರ್ಡ್ ವಾಪಸ್ ಕೂರಿಸಿಬಿಟ್ಟೆ. ಒಡೆದ ಚೂರೆಲ್ಲ ನನ್ನ ಜೇಬಲ್ಲಿದೆ. ವೀಲೇ ಸರಿಯಿರಲಿಲ್ಲ ಅಂತ ಹೇಳಿದೀನಿ. ನಿಮ್ಮ ಮರ್ಯಾದೆಗೇನೂ ಆಗಲ್ಲ."

ಅಷ್ಟರಲ್ಲಿ ನರ್ಸ್ ಕರೆದಳು. ಮೇಸ್ತ್ರಿ ಅವನ ಭುಜ ಹಿಡಿದು ಎದ್ದರು.

"ನನ್ನನ್ನ ಒಳಗೆ ಬಿಟ್ಟು ಶೆಡ್ಡಿಗೆ ಹೋಗು. ಗಾರ್ಡ್ ಬಿಚ್ಚಿ ಮೊದಲು ಹೇಗಿತ್ತೋ ಹಾಗೇ ಇಡು. ಚೂರುಗಳನ್ನೂ ಅದರ ಪಕ್ಕದಲ್ಲೇ ಇಡು."

"ಎಲ್ಲರೂ ನೋಡ್ತಾರೆ ಮೇಸ್ತ್ರಿ!"

"ನೋಡ್ಲಿ ಅಂತಾನೇ."

ಬಾಗಿಲ ಬಳಿ ಒಂದು ಕ್ಷಣ ನಿಂತರು.

"ಇನ್ನೊಂದು. ನಾನು ಬರೋವರೆಗೂ ಪೊರಕೆ ಯಾರೂ ಮುಟ್ಟಬಾರದು. ಮೂರು ದಿನ ಅದು ನಂದು."