ಸುರಭಿಗೆ ನುಚ್ಚಿನ ಗಂಜಿ

…ಅಯ್ಯ, ಮಾತಾಡಬ್ಯಾಡವಾ ಸುರಭಿ, ಮಾತಾಡಬ್ಯಾಡ! ದವಡಿ ಅಲ್ಲಾಡಸಬಾರದು ಅಂದಾರಲ್ಲ ಡಾಕ್ಟರ್? ನಾ ನಿಮ್ಮವ್ವ, ನೀ ಹೇಳದನ ತಿಳೀತೈತಿ ನನಗ. ಸುಮ್ನ ಕುಂಡ್ರು. ನುಚ್ಚು ಕುದಿಯಾಕತ್ತೈತಿ. ಅಮ್ಮಿನಬಾವಿ ಜ್ವಾಳ, ಬೀಸುಕಲ್ಲಿಗೆ ಹಾಕಿ ನಾನ ಒಡದೇನಿ. ಮಿಕ್ಸರಿಗೆ ಹಾಕಿದ್ರ ಹಿಟ್ಟಾಗಿ ಬಿಡತೈತಿ. ಹಿಟ್ಟೂ ಆಗಬಾರದು, ಕಾಳೂ ಉಳೀಬಾರದು… ಅದಕ್ಕ ನುಚ್ಚು ಅನ್ನೂದು. ಅಕ್ಕಿ ಒಡದ್ರೂ ನುಚ್ಚು, ಜ್ವಾಳ ಒಡದ್ರೂ ನುಚ್ಚು. ನೆನಪೈತೇನು? ಮುಂಬೈದಾಗ ಬೆಳದಾಂವ ನಿನ್ನ ಗಂಡ, ಹೊಸದಾಗಿ ಬಂದಾಗ ಕೇಳಿದ್ದ, ನುಚ್ಚು ಅಂದ್ರೇನ್ರಿ ಅತ್ತಿಯವರ ಅಂತ. ಒಡದ ಜ್ವಾಳರಿ ಅಂದೆ. ಒಡದದ್ದನ್ನ ಅಳಿಯಾಗ ನೀಡ್ತೀರೇನ್ರಿ ಅಂದ! ಎಷ್ಟ ನಕ್ಕಿದ್ವಿ…

ಯಾಕ, ಮಾರಿ ಯಾಕ ತಿರುವಿದಿ?

ಆತು ಬಿಡು, ವಿನೀತನ ಸುದ್ದಿ ತಗ್ಯಾಂಗಿಲ್ಲ. ಡಾಕ್ಟರ್ ಏನಂದ್ರು? ಎಲುಬು ನುಚ್ಚುನೂರಾಗಿಲ್ಲ, ಬರೇ ಬಿರುಕು ಅಂದ್ರು. ಬಿರುಕು ಕೂಡತೈತಿ. ನೀ ಮೆಟ್ಟಲಾ ಇಳಿಯೂ ಮುಂದ ಲಕ್ಷ್ಯ ಕೊಡಬೇಕಿತ್ತು… ಕಾಲ ಜಾರಿತು, ಅಷ್ಟ. ಬಾಜೂ ಮನಿ ವೃಂದಾ ಮಾಮಿಗೂ ಹಂಗ ಹೇಳೇನಿ. ಯಾಕ ತಲಿ ಅಲ್ಲಾಡಸ್ತಿ? ಜಾರಿತು ಅಂದ್ರ ಜಾರಿತು!

ತಗೋ, ಒಂದ ಚಮಚಾ. ಮಜ್ಜಿಗಿ ಹಾಕಿ ತೆಳ್ಳಗ ಮಾಡೇನಿ, ಅಗಿಯೂದು ಬ್ಯಾಡ… ಎಲ್ಲಿಗೆ ಎದ್ದಿ? ಆ ಕಡಿ ಏನಿಲ್ಲ. ಆ ಬೋಗಾಣಿ ಮುಚ್ಚಳಾ ತಗೀಬ್ಯಾಡ! ಬಿಸಿ ಐತಿ, ಕೈ ಸುಡತೈತಿ…

ಹ್ಞೂಂ. ಹೂರಣ. ಹೋಳಿಗಿ ಮಾಡಿದ್ರಾತಂತ… ನಿಮ್ಮಪ್ಪಗ. ಸಕ್ಕರಿ ಬ್ಯಾನಿ ಐತಿ, ಖರೇ. ಒಂದ ದಿವಸ ತಿಂದ್ರ ಏನಾಗತೈತಿ?

ಹಂಗ ನೋಡಬ್ಯಾಡ ನನ್ನ. ಸುರಭಿ, ನಿನ್ನ ಕಾಲ ಬೀಳತೇನಿ, ಹಂಗ ನೋಡಬ್ಯಾಡ!

ಹೌದು, ವಿನೀತ ಬರಾಕತ್ತಾನ. ನಾನ ಫೋನ್ ಮಾಡಿದೆ, ಕರಕೊಂಡ ಹೋಗ ಬಾ ಅಂದೆ. ಬೈರಿದೇವರಕೊಪ್ಪ ಬಿಟ್ಟಾನಂತ, ಇನ್ನೇನ ಬಂದ ಬಿಡತಾನ. ನಾ ಏನ ಮಾಡಲಿ? ನಿನ್ನ ತಂಗಿ ಮದವಿ ಬಾಗಲಿಗೆ ಬಂದೈತಿ. ಹಿರೇ ಮಗಳು ಗಂಡನ್ನ ಬಿಟ್ಟ ಕುಂತಾಳಂದ್ರ ಬೀಗರು ಸುಮ್ನಿರತಾರೇನು? ನನಗ ದಿಕ್ಕ ತೋಚವಲ್ದವಾ… ಅಂವಾ ಭಾಳ ಅತ್ತ, ಖರೇ ಹೇಳತೇನಿ. ಸಣ್ಣ ಹುಡುಗರಂಗ ಅತ್ತ. ಇನ್ನೊಮ್ಮೆ ಕೈ ಎತ್ತಂಗಿಲ್ರಿ ಅತ್ತಿಯವರ, ಆಣಿ ಮಾಡತೇನಿ ಅಂದ…

ಏನು?… ಏನಂದೆ ನಾ?

ಸುರಭಿ… ಬ್ಯಾಗ್ ಕೆಳಗಿಡು. ಇಡವಾ…

ಹೌದು. ಮೆಟ್ಟಲಾ ಅಲ್ಲ ಅಂತ ಗೊತ್ತಿತ್ತು. ಗೊತ್ತಿದ್ದ ಕರದೇನಿ.